ಊರಿನಲ್ಲಿ ಮಂಗನ ಕಾಯಿಲೆ, ಮನೆಯಲ್ಲಿ ಮೊದಲ ಪದವಿ: ಊಟ ಹಾಕಿಸಬಹುದೇ?

ಮೊದಲ ಪದವೀಧರೆ (ಫೆಬ್ರವರಿ 8, ರಾತ್ರಿ)

ನಮ್ಮದು ಸಾಗರ ತಾಲ್ಲೂಕಿನ ಒಂದು ಸಣ್ಣ ಊರು. ಇರುವುದು ಹನ್ನೊಂದೇ ಮನೆ. ಆ ಹನ್ನೊಂದೂ ಮನೆಗಳಲ್ಲಿ ಪದವಿ ಮುಗಿಸಿದವಳು ನಾನೇ ಮೊದಲು, ಬಿ.ಎಸ್ಸಿ. ಫಲಿತಾಂಶ ಬಂದು ತಿಂಗಳುಗಳೇ ಆದವು. ಅಡಿಕೆ ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬರಲಿ, ಘಟಿಕೋತ್ಸವದ ಪ್ರಮಾಣಪತ್ರವೂ ಬರಲಿ, ಆಮೇಲೆ ಊರಿಗೆಲ್ಲ ಒಂದು ಊಟ ಹಾಕಿಸೋಣ ಎಂದು ಅಪ್ಪ ಆಗಲೇ ಹೇಳಿದ್ದರು. ಈಗ ಎರಡೂ ಆಗಿವೆ. ಇದೇ 25ರ ಭಾನುವಾರ ಎಂದು ಮಾತಾಗಿತ್ತು.

ಮೂರು ವಾರದ ಹಿಂದೆ ಪಕ್ಕದ ಮನೆಯ ದೊಡ್ಡಪ್ಪ ತೀರಿಕೊಂಡರು. ರಕ್ತಸಂಬಂಧವಿಲ್ಲ, ಹುಟ್ಟಿದಾಗಿನಿಂದ ಕರೆಯುವುದು ಹಾಗೆ. ಕೊಟ್ಟಿಗೆಗೆ ಹಾಸಲು ದರಗು (ಒಣ ಎಲೆ) ಗುಡಿಸಿ ತರುವುದಕ್ಕೆ ಕಾಡಿಗೆ ಹೋಗಿದ್ದರು. ಐದಾರು ದಿನಕ್ಕೆ ಜ್ವರ ಬಂತು. ಮೈಯೆಲ್ಲ ಕುಟ್ಟಿ ಹಾಕಿದ ಹಾಗೆ ನೋವು, ಕಣ್ಣು ಕೆಂಪು. ಕೊನೆಕೊಯ್ಲಿನ ಆಯಾಸ ಎಂದುಕೊಂಡು ಕಷಾಯ ಕುಡಿದು ನಾಲ್ಕು ದಿನ ಮಲಗಿದರು. ಆಸ್ಪತ್ರೆಗೆ ಸೇರಿಸಿ ರಕ್ತಪರೀಕ್ಷೆ ಮಾಡಿಸುವ ಹೊತ್ತಿಗೆ ತಡವಾಗಿತ್ತು. ಮಂಗನ ಕಾಯಿಲೆ.

ಅವರು ನನಗೆ ಏನಾಗಿದ್ದರು ಎಂದು ಹೇಳದಿದ್ದರೆ ನನ್ನ ಪ್ರಶ್ನೆ ಅರ್ಥವಾಗುವುದಿಲ್ಲ. ನಾನು ದ್ವಿತೀಯ ಪಿಯುಸಿಯ ಇಂಗ್ಲಿಷ್ ಪರೀಕ್ಷೆ ಬರೆದದ್ದು 2020ರ ಜೂನ್ 18ರಂದು, ಮಾಸ್ಕ್ ಹಾಕಿಕೊಂಡು. ಮೊದಲ ವರ್ಷದ ಪದವಿಯ ಅರ್ಧ ಪಾಠ ಮೊಬೈಲಿನಲ್ಲೇ ಆಯಿತು. 2021ರ ಮಳೆಗಾಲದಲ್ಲಿ ಮತ್ತೆ ಕಾಲೇಜು ಮುಚ್ಚಿದಾಗ ನಮ್ಮೂರಿನಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಮನೆಯ ಹಿಂದಿನ ಗುಡ್ಡದ ನೆತ್ತಿಯಲ್ಲಿ ಮಾತ್ರ. ಕೊಡೆ ಹಿಡಿದುಕೊಂಡು ಒಂದು ಕೈಯಲ್ಲಿ ಬರೆಯುತ್ತಿದ್ದೆ, ಪುಸ್ತಕವೆಲ್ಲ ತೊಯ್ದು ಹೋಗುತ್ತಿತ್ತು. ಮೂರನೆಯ ದಿನ ದೊಡ್ಡಪ್ಪ ನಾಲ್ಕು ಗಳ ಹೊತ್ತುಕೊಂಡು ಬಂದು ನೆಟ್ಟು, ಮೇಲೆ ನೀಲಿ ಟಾರ್ಪಾಲು ಕಟ್ಟಿದರು. ಕೂರಲು ಅಡಿಕೆ ದಬ್ಬೆಯ ತಟ್ಟಿ. ಗಾಳಿಗೆ ಟಾರ್ಪಾಲು ಹರಿದಾಗ ಗೋಣಿಚೀಲ ಹೊಲಿಯುವ ದಬ್ಬಣದಲ್ಲಿ ತಾವೇ ಹೊಲಿದರು. ಊರಿನ ಐದು ಮಕ್ಕಳು ಆ ಸೂರಿನಡಿ ಓದಿದೆವು. 'ನಿನ್ನ ಊಟಕ್ಕೆ ಮೊದಲ ಪಂಕ್ತಿಯಲ್ಲಿ ನಾನೇ ಕೂರುವುದು' ಎಂದು ದೀಪಾವಳಿಯಲ್ಲೂ ಹೇಳಿದ್ದರು.

ಅಪ್ಪನಿಗೆ ಈಗ ಮನಸ್ಸಿಲ್ಲ. ಅಮ್ಮನಿಗೆ ಮಾಡಬೇಕು ಎಂದೇ ಇದೆ. ಜನ ಸೇರಿದರೆ ಕಾಯಿಲೆ ಹರಡುತ್ತದೆ ಎಂದು ನೆಂಟರಲ್ಲಿ ಕೆಲವರು ಹೆದರಿದ್ದಾರೆ. ಕೊರೊನಾ ಕಾಲದಲ್ಲಿ ಓದು ಮುಗಿಸಿದವರು ಇಲ್ಲಿ ಬಹಳ ಮಂದಿ ಇದ್ದೀರಿ. ನೀವು ಏನು ಮಾಡಿದಿರಿ? ನಾವು ಏನು ಮಾಡಬೇಕು?

ಶಂಕರಘಟ್ಟ 2020 (ಫೆಬ್ರವರಿ 8, ರಾತ್ರಿ)

ತಂಗಿ, ಮೊದಲಿಗೆ ಅಭಿನಂದನೆ. ಅದನ್ನು ಹೇಳಿಯೇ ಮುಂದಿನ ಮಾತು.

ನಾನು ಕುವೆಂಪು ವಿಶ್ವವಿದ್ಯಾಲಯದ ಆವರಣವಾದ ಜ್ಞಾನ ಸಹ್ಯಾದ್ರಿಯಲ್ಲಿ ಎಂ.ಎ. ಕೊನೆಯ ಸೆಮಿಸ್ಟರ್‌ನಲ್ಲಿದ್ದಾಗ 2020ರ ಮಾರ್ಚ್ ಬಂತು. ಹಾಸ್ಟೆಲ್ ಖಾಲಿ ಮಾಡಿ ಎಂದಾಗ ಹದಿನೈದು ದಿನದ ರಜೆ ಎಂದುಕೊಂಡೆವು. ಬಕೆಟ್ಟು, ಚಾಪೆ, ಅರ್ಧ ಬರೆದ ಕಿರುಪ್ರಬಂಧ ಎಲ್ಲವೂ ಕೋಣೆಯಲ್ಲೇ ಉಳಿದವು. ಬಿ.ಆರ್. ಪ್ರಾಜೆಕ್ಟಿನ ಬಸ್ ನಿಲ್ದಾಣದಲ್ಲಿ ಗೆಳೆಯರಿಗೆ 'ಬರುತ್ತೇನೆ' ಎಂದು ಕೈಬೀಸಿದ್ದೇ ಬೀಳ್ಕೊಡುಗೆಯಾಯಿತು. ಪರೀಕ್ಷೆ ಇದೆಯೋ ಇಲ್ಲವೋ ಎಂದು ಜುಲೈವರೆಗೂ ತಿಳಿಯಲಿಲ್ಲ. ಅಂತಿಮ ವರ್ಷದವರಿಗೆ ಸೆಪ್ಟೆಂಬರ್ ಒಳಗೆ ಪರೀಕ್ಷೆ ನಡೆಸಲೇಬೇಕು ಎಂದು ಯುಜಿಸಿ ಜುಲೈ 6ರಂದು ಹೇಳಿತು, ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೆಳಗಿನ ಸೆಮಿಸ್ಟರ್‌ನವರು ಆಂತರಿಕ ಅಂಕದ ಮೇಲೆ ತೇರ್ಗಡೆಯಾದರು. ನಾವು ಬೆಂಚಿಗೊಬ್ಬರಂತೆ ಕೂತು ಬರೆದೆವು. ಕೊನೆಯ ಪರೀಕ್ಷೆ ಮುಗಿದ ದಿನ ಯಾರೂ ಯಾರ ಹೆಗಲ ಮೇಲೂ ಕೈ ಹಾಕಲಿಲ್ಲ. ಒಬ್ಬರ ಮುಖ ಒಬ್ಬರಿಗೆ ಪೂರ್ತಿ ಕಾಣಲಿಲ್ಲ.

ನನ್ನ ಅಜ್ಜಿ ನನ್ನ ಪದವಿಯ ಊಟಕ್ಕೆಂದೇ ಗಂಧಸಾಲೆ ಅಕ್ಕಿಯನ್ನು ಡಬ್ಬಿಯಲ್ಲಿ ತೆಗೆದಿಟ್ಟಿದ್ದರು. ಹುಳು ಹಿಡಿಯದಿರಲಿ ಎಂದು ನಡುನಡುವೆ ಬೇವಿನ ಎಲೆ, ಒಣಮೆಣಸು ಹಾಕಿ, ಎರಡು ತಿಂಗಳಿಗೊಮ್ಮೆ ಬಿಸಿಲಿಗೆ ಹರವಿ, ಮತ್ತೆ ತುಂಬುತ್ತಿದ್ದರು. ಕೊರೊನಾ ಪೂರ್ತಿ ಹೋಗಲಿ ಅಜ್ಜಿ, ಆಮೇಲೆ ಎಲ್ಲರನ್ನೂ ಕರೆದು ಮಾಡೋಣ ಎಂದವನು ನಾನೇ. 2021ರ ಮೇನಲ್ಲಿ ಅಜ್ಜಿ ಹೋದರು. ಅಂತ್ಯಸಂಸ್ಕಾರಕ್ಕೆ ಐದೇ ಜನ ಎಂಬ ನಿಯಮ ಆಗ. ವರ್ಷದ ತಿಥಿಯ ದಿನ ಅಮ್ಮ ಆ ಡಬ್ಬಿ ತೆಗೆದು ಅದೇ ಅಕ್ಕಿಯ ಅನ್ನ ಮಾಡಿದರು. ಅಡುಗೆಮನೆಯಿಂದ ಆ ಪರಿಮಳ ಬಂದಾಗ ನಾನು ತೋಟಕ್ಕೆ ಎದ್ದು ಹೋದೆ.

ಮುಂದೂಡಬೇಡಿ. ನಾನು ಹೇಳುವುದು ಇಷ್ಟೇ.

ಭದ್ರಾ ತೀರ (ಫೆಬ್ರವರಿ 9)

ನನ್ನ ಮಾತು ಕಹಿಯಾಗಬಹುದು, ಆದರೂ ಹೇಳುತ್ತೇನೆ. ಪಕ್ಕದ ಮನೆಯಲ್ಲಿ ಯಜಮಾನ ಹೋಗಿ ತಿಂಗಳು ತುಂಬಿಲ್ಲ. ಅವರ ಅಡುಗೆಮನೆಯ ಕಿಟಕಿಗೆ ನಿಮ್ಮ ಪಾಯಸದ ಹಬೆ ಹೋಗುತ್ತದೆ. ಪದವಿ ಎಲ್ಲಿಗೂ ಓಡಿ ಹೋಗುವುದಿಲ್ಲ, ಪ್ರಮಾಣಪತ್ರ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ. ಯುಗಾದಿ ಕಳೆಯಲಿ, ಮಳೆ ಹಿಡಿಯಲಿ. ಈ ಕಾಯಿಲೆ ತರುವ ಉಣುಗಿನ (ಉಣ್ಣೆಯ) ಕಾಲವೂ ಅಷ್ಟರಲ್ಲಿ ಮುಗಿದಿರುತ್ತದೆ. ಮೇಲಿನ ಸಹೋದರರ ನೋವು ನನಗೂ ತಟ್ಟಿತು. ಆದರೆ ಅವರ ಮನೆಯ ಕಥೆ ಬೇರೆ, ಇಲ್ಲಿ ನೋವು ತಿನ್ನುತ್ತಿರುವವರು ನೆರೆಮನೆಯವರು. ಅವರನ್ನು ಬಿಟ್ಟು ನಾವು ಇಲ್ಲಿ ತೀರ್ಮಾನ ಮಾಡುವುದು ಸರಿಯಲ್ಲ.

ಮೊದಲ ಪದವೀಧರೆ (ಫೆಬ್ರವರಿ 9)

ನಿಮ್ಮ ಮಾತು ಕಹಿ ಎನ್ನಿಸಲಿಲ್ಲ. ಅಪ್ಪ ಹೇಳುವುದೂ ಇದನ್ನೇ.

ಕಿರಿಯ ಆರೋಗ್ಯ ಸಹಾಯಕಿ (ಫೆಬ್ರವರಿ 9)

ಊಟ ಹಾಕಿಸುವುದು ಬಿಡುವುದು ನಿಮ್ಮ ಮನೆಯ ವಿಚಾರ. ಆದರೆ ಜನ ಸೇರಿದರೆ ಮಂಗನ ಕಾಯಿಲೆ ಹರಡುತ್ತದೆ ಎಂಬ ಭಯವನ್ನು ಮಾತ್ರ ಇವತ್ತೇ ಬಿಡಿ. ಇದು ಕೊರೊನಾ ಅಲ್ಲ. ಈ ವೈರಾಣು ಬರುವುದು ಉಣುಗು ಕಚ್ಚಿದಾಗ. ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು ಕಂಡುಬಂದಿಲ್ಲ. ಕಾಯಿಲೆಯವರ ಪಕ್ಕದಲ್ಲಿ ಕೂತು ಉಂಡರೂ ಬರುವುದಿಲ್ಲ.

ನನಗೆ ಭಯವಿರುವುದು ಊಟದ ಬಗ್ಗೆ ಅಲ್ಲ, ಊಟದ ತಯಾರಿಯ ಬಗ್ಗೆ. ನಮ್ಮ ಕಡೆ ಸಮಾರಂಭ ಎಂದರೆ ಹಿಂದಿನ ಎರಡು ದಿನ ಏನು ನಡೆಯುತ್ತದೆ? ಗಂಡಸರು ಚಪ್ಪರದ ಸೊಪ್ಪಿಗೆ ಕಾಡಿಗೆ ಹೋಗುತ್ತಾರೆ. ಹೆಂಗಸರು ಸೌದೆಗೆ ಹೋಗುತ್ತಾರೆ. ಕಂಬಕ್ಕೆ, ಗಳಕ್ಕೆ, ಬಳ್ಳಿಗೆ ಎಲ್ಲದಕ್ಕೂ ಕಾಡೇ. ಆ ಸೊಪ್ಪಿನ ಹೊರೆಯಲ್ಲಿ ಎಳೆಯ ಉಣುಗು ಬಂದರೆ ಕಣ್ಣಿಗೂ ಕಾಣುವುದಿಲ್ಲ, ಸಾಸಿವೆಗಿಂತ ಚಿಕ್ಕದು. ಡಿಸೆಂಬರ್‌ನಿಂದ ಮೇವರೆಗೆ ಅವುಗಳದೇ ಕಾಲ. ಆ ಸೊಪ್ಪಿನ ಕೆಳಗೆ ನೂರು ಜನರನ್ನು ಕೂರಿಸುತ್ತೀರಿ. ಕೊರೊನಾದಲ್ಲಿ ಊಟಕ್ಕೆ ಕೂತ ಜನರಿಂದ ಅಪಾಯವಿತ್ತು, ಇಲ್ಲಿ ತಲೆಯ ಮೇಲಿನ ಚಪ್ಪರದಿಂದ ಅಪಾಯ.

ಕಾಡಿನಂಚಿಗೆ ಹೋಗಲೇಬೇಕಾದವರು ಉಣುಗು ಹತ್ತಿರ ಬಾರದಂತೆ ನಾವು ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು ಹೋಗಬೇಕು. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು. ಕಾಡಿಗೆ ಮೇಯಲು ಹೋಗುವ ದನಗಳ ಮೈಮೇಲೂ ಉಣುಗು ಮನೆಗೆ ಬರುತ್ತದೆ, ಅದನ್ನು ಮರೆಯಬೇಡಿ. ಹಿಂದಿನ ಲಸಿಕೆಯನ್ನು ಪರಿಣಾಮ ಸಾಲದೆಂದು ನಿಲ್ಲಿಸಿಯಾಗಿದೆ, ನಿರ್ದಿಷ್ಟ ಔಷಧವೂ ಇಲ್ಲ. ಆದ್ದರಿಂದ ಈ ತಿಂಗಳುಗಳಲ್ಲಿ ಜ್ವರ ಬಂದರೆ ಅಂಗಡಿಯ ನೋವಿನ ಮಾತ್ರೆ ನುಂಗಿ ದಿನ ದೂಡಬೇಡಿ. ಮೊದಲ ದಿನವೇ ಬನ್ನಿ. ಜ್ವರ ಬಿಟ್ಟ ಮೇಲೆ ಒಂದೆರಡು ವಾರಕ್ಕೆ ಕೆಲವರಿಗೆ ಮತ್ತೆ ಜ್ವರ ಮರುಕಳಿಸುತ್ತದೆ, ಆಗಲೂ ಬನ್ನಿ. ಸತ್ತ ಮಂಗ ಕಂಡರೆ ಮುಟ್ಟದೆ ನಮಗೆ ತಿಳಿಸಿ. ಮಂಗದ ಮೈ ತಣ್ಣಗಾದ ಕೂಡಲೇ ಉಣುಗುಗಳು ಇಳಿದು ಸುತ್ತ ಹರಡುತ್ತವೆ.

ಅರಳಗೋಡು ಕಡೆಯವನು (ಫೆಬ್ರವರಿ 9, ರಾತ್ರಿ)

ಇದನ್ನು ಓದಿ ಬರೆಯದೆ ಇರಲು ಆಗಲಿಲ್ಲ. 2018ರ ಡಿಸೆಂಬರ್‌ನಿಂದ 2019ರ ಬೇಸಿಗೆವರೆಗೆ ನಮ್ಮ ಪಂಚಾಯಿತಿಯ ಊರುಗಳು ಕಂಡ ಸಾವುಗಳನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಜ್ವರ ಬಂದವರನ್ನು ಮಣಿಪಾಲಕ್ಕೆ ಕರೆದೊಯ್ಯುವ ಆಂಬುಲೆನ್ಸಿನ ಸದ್ದು ಕೇಳಿದರೆ ಇವತ್ತಿಗೂ ಅಮ್ಮ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಾರೆ.

ಸಾವಿನಷ್ಟೇ ನಮ್ಮನ್ನು ನೋಯಿಸಿದ್ದು ಇನ್ನೊಂದಿದೆ. ಹೊರಗಿನವರು ಬರುವುದನ್ನು ಬಿಟ್ಟರು. ನಮ್ಮನ್ನು ಮುಟ್ಟಿದರೆ ಕಾಯಿಲೆ ಬರುತ್ತದೆ ಎಂದುಕೊಂಡರು. ಆ ಫೆಬ್ರವರಿಯಲ್ಲಿ ನನ್ನ ಅಕ್ಕನ ಬಿ.ಇಡಿ. ಮುಗಿದಿತ್ತು. ಅವಳು ಓದಿದ ಊರಿನಿಂದ ಆರು ಗೆಳತಿಯರು ಬರುತ್ತೇವೆ ಎಂದಿದ್ದರು. ಅಕ್ಕ ಬೆಳಿಗ್ಗೆಯೇ ಎದ್ದು ಅವರಿಗೆಂದು ತೊಡೆದೇವು ಮಾಡಿದಳು. ಮಡಕೆಯ ಬೆನ್ನ ಮೇಲೆ ಹಿಟ್ಟು ಎಳೆದು, ಗರಿಯ ಹಾಗೆ ಎಬ್ಬಿಸಿ ಮಡಚುವುದನ್ನು ಅವಳು ಅಜ್ಜಿಯಿಂದ ಕಲಿತಿದ್ದಳು. ಮಧ್ಯಾಹ್ನದ ಬಸ್ಸಿನಿಂದ ಒಬ್ಬರೂ ಇಳಿಯಲಿಲ್ಲ. ಒಬ್ಬಳು ಮಾತ್ರ ಸಂದೇಶ ಕಳಿಸಿದಳು, ಮನೆಯಲ್ಲಿ ಬೇಡ ಎನ್ನುತ್ತಿದ್ದಾರೆ ಎಂದು. ಅಕ್ಕ ಆ ತೊಡೆದೇವನ್ನು ಊರಿನ ಮಕ್ಕಳಿಗೆ ಹಂಚಿದಳು, ತಾನು ಒಂದನ್ನೂ ಮುಟ್ಟಲಿಲ್ಲ.

ಆದ್ದರಿಂದ ತಂಗಿ, ಜನರನ್ನು ಕರೆಯಿರಿ. ಬೇಕೆಂದೇ ಕರೆಯಿರಿ. ಹೊರಗಿನವರು ನಿಮ್ಮೂರಿಗೆ ಬಂದು, ಆ ದೊಡ್ಡಮ್ಮನ ಮನೆಯ ಜಗಲಿಯಲ್ಲಿ ಕೂತು, ಅವರ ಮನೆಯ ನೀರು ಕುಡಿದು ಹೋಗಲಿ. ಗಂಡನನ್ನು ಕಳೆದುಕೊಂಡ ಮನೆಗೆ ಈ ಕಾಯಿಲೆಯಲ್ಲಿ ಅಷ್ಟು ಮಾಡುವವರೂ ಇರುವುದಿಲ್ಲ. ಸೊಪ್ಪಿನ ಬಗ್ಗೆ ಮೇಡಂ ಹೇಳಿದ್ದನ್ನು ಮಾತ್ರ ಅಕ್ಷರಶಃ ಪಾಲಿಸಿ.

ಭದ್ರಾ ತೀರ (ಫೆಬ್ರವರಿ 10)

ಈ ಕೊನೆಯ ಮಾತನ್ನು ನಾನು ಯೋಚಿಸಿರಲಿಲ್ಲ. ಒಪ್ಪುತ್ತೇನೆ. ಆದರೂ ಆ ದೊಡ್ಡಮ್ಮನನ್ನು ಕೇಳದೆ ದಿನ ನಿಗದಿ ಮಾಡಬೇಡಿ.

ವಾರ್ಡ್ ಸಂಖ್ಯೆ ನಾಲ್ಕು (ಫೆಬ್ರವರಿ 10)

ನಾನು ಶಿವಮೊಗ್ಗದಲ್ಲಿ ಬಿ.ಎಸ್ಸಿ. ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಾಗ ಎರಡನೇ ಅಲೆ ಬಂತು. 2021ರ ಮೇ ಮೊದಲ ವಾರದಲ್ಲಿ, ಕೊನೆಯ ವರ್ಷದ ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳನ್ನೂ ಕೋವಿಡ್ ಕೆಲಸಕ್ಕೆ ಬಳಸಬಹುದು ಎಂದು ಕೇಂದ್ರ ಸರ್ಕಾರ ತೀರ್ಮಾನಿಸಿತು. ಪದವಿ ಕೈಗೆ ಬರುವ ಮೊದಲೇ ವಾರ್ಡಿಗೆ ಹೋದೆವು. ಪಿಪಿಇ ತೊಟ್ಟರೆ ಯಾರು ಯಾರೆಂದು ತಿಳಿಯುವುದಿಲ್ಲವೆಂದು ಬೆನ್ನಿನ ಮೇಲೆ ಮಾರ್ಕರ್‌ನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದೆವು. ನನ್ನ ಬೆನ್ನಿನ ಮೇಲೆ ಗೆಳತಿ ಬರೆಯುತ್ತಿದ್ದಳು, ಅವಳ ಬೆನ್ನಿನ ಮೇಲೆ ನಾನು. ಆರು ಗಂಟೆಯ ಪಾಳಿ ಮುಗಿಸಿ ಕೈಗವಸು ತೆಗೆದರೆ ಬೆರಳುಗಳು ಬಟ್ಟೆ ಒಗೆದವರ ಬೆರಳಿನ ಹಾಗೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು.

ರಾಜ್ಯದ ಬೇರೆ ಕಡೆ ಜೂನ್ 14ಕ್ಕೆ ಲಾಕ್‌ಡೌನ್ ಸಡಿಲವಾದಾಗ ಶಿವಮೊಗ್ಗ, ಚಿಕ್ಕಮಗಳೂರು ಸೇರಿ ಹನ್ನೊಂದು ಜಿಲ್ಲೆಗಳಲ್ಲಿ ಇನ್ನೊಂದು ವಾರ ಮುಂದುವರಿಯಿತು. ಆ ವಾರ ನಮ್ಮ ತರಗತಿಯ ಒಬ್ಬಳಿಗೆ ಹುಟ್ಟುಹಬ್ಬ. ಹಾಸ್ಟೆಲಿನ ಮೆಟ್ಟಿಲುಗಳ ಮೇಲೆ, ಮೆಟ್ಟಿಲಿಗೊಬ್ಬರಂತೆ ಕೂತು, ಅಡುಗೆಯವರು ಮಾಡಿಕೊಟ್ಟ ಕೇಸರಿಬಾತನ್ನು ತಿಂದೆವು. ಬೀಳ್ಕೊಡುಗೆ, ಪದವಿ, ಹುಟ್ಟುಹಬ್ಬ ಎಲ್ಲವೂ ಅದರಲ್ಲೇ ಮುಗಿಯಿತು. ಹದಿನೈದು ನಿಮಿಷ. ಆಮೇಲೆ ರಾತ್ರಿ ಪಾಳಿಯವರು ಎದ್ದು ಹೋದರು. ನಮ್ಮ ತಂಡ ಈಗ ಎಲ್ಲೆಲ್ಲೋ ಇದೆ, ಒಬ್ಬಳು ಮಸ್ಕತ್‌ನಲ್ಲಿದ್ದಾಳೆ. ಮಾತಿಗೆ ಕೂತರೆ ಎಲ್ಲರಿಗೂ ಮೊದಲು ನೆನಪಾಗುವುದು ಆ ಮೆಟ್ಟಿಲೇ. ದೊಡ್ಡ ಸಮಾರಂಭ ಬೇಕೆಂದಿಲ್ಲ ತಂಗಿ. ಆದರೆ ಏನೂ ಇಲ್ಲದೆ ಬಿಡಬೇಡ.

ಕೊಪ್ಪದ ಮೇಷ್ಟ್ರು (ಫೆಬ್ರವರಿ 10)

ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದವನು ನಾನು. ಘಟಿಕೋತ್ಸವದ ಗೌನು ತೊಡುವವರು ಕೆಲವರು, ಪ್ರಮಾಣಪತ್ರವನ್ನು ಅಂಚೆಯಲ್ಲಿ ತರಿಸಿಕೊಳ್ಳುವವರು ಬಹುಮಂದಿ. ನಮ್ಮ ಹಳ್ಳಿಯ ಮಕ್ಕಳಿಗೆ ನಿಜವಾದ ಘಟಿಕೋತ್ಸವ ಆಗುವುದು ಊರಿನ ಅಂಗಳದಲ್ಲೇ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆಯನ್ನು ಗುರುತಿಸಿದ್ದು 1957ರಲ್ಲಿ. ಅಂದಿನಿಂದ ಮಲೆನಾಡಿನವರು ಇದರ ನಡುವೆಯೇ ಮದುವೆ ಮಾಡಿದ್ದಾರೆ, ತೊಟ್ಟಿಲು ಕಟ್ಟಿದ್ದಾರೆ, ತೇರು ಎಳೆದಿದ್ದಾರೆ. ಅದಕ್ಕೂ ಹಿಂದೆ ಮಲೇರಿಯಾ ನಮ್ಮ ಎಷ್ಟೋ ಊರುಗಳನ್ನು ಪಾಳು ಮಾಡಿತ್ತು. ಕಾಯಿಲೆ ಪೂರ್ತಿ ಹೋಗಲಿ ಎಂದು ಕಾದಿದ್ದರೆ ಇಲ್ಲಿ ಒಂದು ಮದುವೆಯೂ ಆಗುತ್ತಿರಲಿಲ್ಲ.

ಮಗಳೇ, ಬಿ.ಎಸ್ಸಿ.ಯ ಮುಂದೇನು ಎಂಬುದನ್ನೂ ಬರೆ. ಊಟದ ಚರ್ಚೆಯಲ್ಲಿ ಅದನ್ನು ಯಾರೂ ಕೇಳಲಿಲ್ಲ.

ಅಡುಗೆ ಭಟ್ಟರ ಮಗ (ಫೆಬ್ರವರಿ 10)

ತಯಾರಿಯ ವಿಚಾರಕ್ಕೆ ಬರುತ್ತೇನೆ, ನಮ್ಮ ಮನೆಯ ಕಸುಬೇ ಅದು. ಸೌದೆ ಬೇಡ, ಗ್ಯಾಸ್ ಒಲೆ ಎರಡು ಸಾಕು. ನೂರು ಜನರ ಅಡುಗೆಗೆ ಮೂರು ಸಿಲಿಂಡರ್ ಧಾರಾಳ. ಊಟಕ್ಕೆ ತೋಟದ ಬಾಳೆ ಎಲೆ, ಇಲ್ಲವೇ ಹಾಳೆ ತಟ್ಟೆ. ಮುತ್ತುಗದ ಎಲೆಗೆ ಯಾರನ್ನೂ ಕಳಿಸಬೇಡಿ. ಈಗ ಅಪ್ಪೆಮಿಡಿಯ ಕಾಲ, ಹೊಸ ಮಿಡಿ ಇರಲಿ ಎಂದು ಯಾರಾದರೂ ಉತ್ಸಾಹದಿಂದ ಹೊಳೆಸಾಲಿನ ಮರ ಹುಡುಕಿಕೊಂಡು ಹೊರಡುತ್ತಾರೆ. ಅವರನ್ನು ತಡೆಯಿರಿ. ಹೋದ ವರ್ಷದ ಭರಣಿ ತೆಗೆದರೆ ಆಯಿತು, ರುಚಿಯೂ ಕೂಡಿರುತ್ತದೆ. ಮನೆಯ ಮುಂದಿನ ಮರದ ಎಳೆ ಹಲಸಿನ ಪಲ್ಯ, ಒಂದು ತಂಬುಳಿ, ಸಾರು, ಮಜ್ಜಿಗೆ. ಪಾಯಸದ ಬಗ್ಗೆ ನೆರೆಮನೆಯ ಹಿರಿಯರು ಹೇಳಿದಂತೆ ಮಾಡಿ. ಬೇಡವೆಂದರೆ ಬೇಡ, ಊಟಕ್ಕೆ ಅದರಿಂದ ಕೊರತೆಯಿಲ್ಲ.

ಮೊದಲ ಪದವೀಧರೆ (ಫೆಬ್ರವರಿ 13)

ಎರಡು ದಿನ ಗುಡ್ಡ ಹತ್ತಲು ಅಮ್ಮ ಬಿಡಲಿಲ್ಲ, ಅದಕ್ಕೇ ತಡವಾಯಿತು. ಈಗ ಸಾಗರಕ್ಕೆ ಬಂದಿದ್ದೇನೆ, ಇಲ್ಲಿಂದ ಬರೆಯುತ್ತಿದ್ದೇನೆ.

ಮೇಷ್ಟ್ರೇ, ಬಿ.ಇಡಿ.ಗೆ ಅರ್ಜಿ ಹಾಕುತ್ತೇನೆ. ವಿಜ್ಞಾನದ ಶಿಕ್ಷಕಿಯಾಗಬೇಕು.

ದೊಡ್ಡಮ್ಮನ ಹತ್ತಿರ ನಾನೂ ಅಮ್ಮನೂ ಹೋಗಿದ್ದೆವು. ಅವರು ಅಡಿಕೆ ಆರಿಸುತ್ತಿದ್ದರು. ಅಮ್ಮ ಮಾತು ಎತ್ತಲಾರದೆ ಸುಮ್ಮನೆ ಕೂತು ತಾನೂ ಆರಿಸತೊಡಗಿದಳು. ಕೊನೆಗೆ ದೊಡ್ಡಮ್ಮನೇ ಕೇಳಿದರು, 'ಊಟ ಯಾವತ್ತು?' ಅಂತ. ಅಪ್ಪ ಬೇಡ ಎನ್ನುತ್ತಿದ್ದಾರೆ ಎಂದೆ. ಅವರು ಕೈಯಲ್ಲಿದ್ದ ಅಡಿಕೆಯನ್ನು ಗೆರಸಿಗೆ ಹಾಕಿ ಹೇಳಿದರು: 'ಊಟ ಹಾಕಿ. ಸೊಪ್ಪಿಗೆ ಮಾತ್ರ ಯಾರೂ ಹೋಗಬೇಡಿ. ಒಬ್ಬರೂ ಹೋಗಬಾರದು.' ಎರಡನೆಯ ಸಲ ಹೇಳುವಾಗ ಅವರ ಧ್ವನಿ ಗಟ್ಟಿಯಾಗಿತ್ತು. ಇಲ್ಲಿ ಮೇಡಂ ಬರೆದದ್ದನ್ನು ಅವರು ಓದಿಲ್ಲ.

ಪಾಯಸದ ಮಾತನ್ನು ಕೇಳುವ ಧೈರ್ಯ ಬರಲಿಲ್ಲ. ಮಾಡುವುದಿಲ್ಲ ಎಂದು ನಾವೇ ತೀರ್ಮಾನಿಸಿದೆವು.

ಕಿರಿಯ ಆರೋಗ್ಯ ಸಹಾಯಕಿ (ಫೆಬ್ರವರಿ 13)

ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಹೇಳಿಡಿ. ಅಷ್ಟು ಜನ ಒಂದೆಡೆ ಸಿಗುವ ದಿನ ನಮಗೂ ಬೇಕು. ಪ್ರತಿ ಮನೆಯ ಬಾಗಿಲು ತಟ್ಟಿ ತೈಲ ಕೊಡುತ್ತೇವೆ, ಆದರೆ ಹಚ್ಚಿಕೊಳ್ಳುವುದು ಹೇಗೆಂದು ತೋರಿಸಲು ಗಂಡಸರು ಮನೆಯಲ್ಲಿ ಸಿಗುವುದಿಲ್ಲ.

ಅರಳಗೋಡು ಕಡೆಯವನು (ಫೆಬ್ರವರಿ 14)

ನಾನೂ ಅಕ್ಕನೂ ಬರುತ್ತೇವೆ. ಕರೆಯದಿದ್ದರೂ ಬರುತ್ತೇವೆ. ವಿಳಾಸವನ್ನು ಖಾಸಗಿಯಾಗಿ ಕಳಿಸಿ.

ಮೊದಲ ಪದವೀಧರೆ (ಫೆಬ್ರವರಿ 27)

ಊಟ ಆಯಿತು. ಎಲ್ಲರಿಗೂ ತಿಳಿಸಬೇಕಲ್ಲವೇ, ವಿವರವಾಗಿಯೇ ಬರೆಯುತ್ತೇನೆ.

ಶಾಮಿಯಾನ ತರಿಸಲು ಅಪ್ಪ ಹಿಂದಿನ ವಾರವೇ ಹೇಳಿದ್ದರು. ಶನಿವಾರ ಸಂಜೆವರೆಗೂ ಬರಲಿಲ್ಲ, ಬೇರೆ ಮದುವೆಗೆ ಹೋಗಿದೆ ಎಂದು ಅಂಗಡಿಯವರು ಕೈಚೆಲ್ಲಿದರು. ಅಂಗಳದಲ್ಲಿ ಅಡಿಕೆ ಮರದ ಕಂಬಗಳು ಬರಿದೇ ನಿಂತಿದ್ದವು. ಒಂದು ಹೊರೆ ಸೊಪ್ಪು ತಂದರೆ ಆಯಿತಲ್ಲ, ಹತ್ತೇ ನಿಮಿಷದ ದಾರಿ ಎಂದು ಚಿಕ್ಕಪ್ಪ ಕತ್ತಿ ತೆಗೆದುಕೊಂಡಿದ್ದರು. ದೊಡ್ಡಮ್ಮ ತಮ್ಮ ಜಗಲಿಯಿಂದ ಅದನ್ನು ನೋಡಿದರು. ಒಳಗೆ ಹೋಗಿ, ಮಗನನ್ನು ಅಟ್ಟಕ್ಕೆ ಹತ್ತಿಸಿ, ನೀಲಿ ಟಾರ್ಪಾಲನ್ನು ಇಳಿಸಿಕೊಟ್ಟರು. ಗುಡ್ಡದ ಮೇಲೆ ಕಟ್ಟಿದ್ದ ಅದೇ ಟಾರ್ಪಾಲು. ದಬ್ಬಣದ ಹೊಲಿಗೆ ಹಾಗೆಯೇ ಇದೆ, ಗೋಣಿ ದಾರ ಮಾತ್ರ ಕಪ್ಪಾಗಿದೆ. ಅದು ಅಂಗಳಕ್ಕೆಲ್ಲ ಸಾಲುವುದಿಲ್ಲ. ಉಳಿದ ಭಾಗಕ್ಕೆ ಅಡಿಕೆ ಒಣಗಿಸುವ ಬಲೆ, ಅಮ್ಮನ ಎರಡು ಹಳೆಯ ಸೀರೆ ಕಟ್ಟಿದೆವು. ಚಿಕ್ಕಪ್ಪ ಕತ್ತಿಯನ್ನು ಒಳಗಿಟ್ಟರು.

ಎಂಬತ್ತು ಜನ ಬಂದಿದ್ದರು. ಹೆದರಿ ಬರುವುದಿಲ್ಲ ಎಂದಿದ್ದ ನೆಂಟರಲ್ಲಿ ಎರಡು ಮನೆಯವರು ಬಂದರು, ಒಂದು ಮನೆಯವರು ಬರಲಿಲ್ಲ. ಅರಳಗೋಡಿನ ಅಣ್ಣ, ಅವರ ಅಕ್ಕ ಬೆಳಿಗ್ಗೆಯ ಬಸ್ಸಿಗೇ ಬಂದು ನೇರವಾಗಿ ದೊಡ್ಡಮ್ಮನ ಮನೆಗೆ ಹೋದರು. ಅಕ್ಕ ತೊಡೆದೇವು ತಂದಿದ್ದರು. ಅಲ್ಲಿ ಏನು ಮಾತಾಡಿದರೋ ನನಗೆ ತಿಳಿಯದು, ಮುಕ್ಕಾಲು ಗಂಟೆ ಕೂತಿದ್ದರು. ಹೊರಗೆ ಬಂದಾಗ ದೊಡ್ಡಮ್ಮ ಅವರ ಕೈ ಹಿಡಿದುಕೊಂಡೇ ಊಟಕ್ಕೆ ಬಂದರು. ಮೊದಲ ಪಂಕ್ತಿಯಲ್ಲಿ, ಟಾರ್ಪಾಲಿನ ಕೆಳಗೆ ಕೂತರು. ಪಕ್ಕದಲ್ಲಿ ಒಂದು ಎಲೆಯನ್ನು ಅಪ್ಪ ಬರಿದೇ ಹಾಕಿಸಿದ್ದರು. ದೊಡ್ಡಮ್ಮ ಅದನ್ನು ನೋಡಿ, 'ಎಲೆ ಬರಿದೇ ಇರಬಾರದು' ಎಂದು ಮಗನನ್ನು ಕರೆದು ಅಲ್ಲಿ ಕೂರಿಸಿದರು. ಅವನು ಈ ವರ್ಷ ದ್ವಿತೀಯ ಪಿಯುಸಿ. ಮಾರ್ಚ್‌ನಲ್ಲಿ ಪರೀಕ್ಷೆ ಇದೆ, ರಾತ್ರಿ ನಮ್ಮ ಮನೆಗೇ ಬಂದು ಓದುತ್ತಾನೆ. ರಸಾಯನಶಾಸ್ತ್ರ ನಾನು ಹೇಳಿಕೊಡುತ್ತಿದ್ದೇನೆ.

ಆಶಾ ಅಕ್ಕ ಊಟದ ನಂತರ ಎಲ್ಲರನ್ನೂ ನಿಲ್ಲಿಸಿ, ಅಪ್ಪನ ಕಾಲಿಗೇ ತೈಲ ಹಚ್ಚಿ ತೋರಿಸಿದರು. ಪಾದದ ಬೆರಳ ಸಂದಿ, ಮೊಣಕಾಲಿನ ಹಿಂಭಾಗ, ಕುತ್ತಿಗೆ. ಗಂಡಸರು ಮೊದಲು ನಾಚಿಕೊಂಡರು, ಆಮೇಲೆ ಒಬ್ಬೊಬ್ಬರೇ ಪಂಚೆ ಎತ್ತಿ ಕಟ್ಟಿ ಮುಂದೆ ಬಂದರು. ಎಲೆ ಅಡಿಕೆಯ ತಟ್ಟೆಯ ಪಕ್ಕದಲ್ಲಿ ತೈಲದ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದೆವು. ಹೋಗುವವರೆಲ್ಲ ಎರಡನ್ನೂ ತೆಗೆದುಕೊಂಡು ಹೋದರು.

ನಿನ್ನೆ ಟಾರ್ಪಾಲನ್ನು ತೊಳೆದು, ಒಣಗಿಸಿ, ಮಡಚಿ ದೊಡ್ಡಮ್ಮನ ಮನೆಗೆ ಕೊಟ್ಟು ಬಂದೆ. ಮಳೆಗಾಲಕ್ಕೆ ಹುಲ್ಲಿನ ಬಣವೆಗೆ ಬೇಕು, ಹರಿದಿರುವ ಇನ್ನೊಂದು ಕಡೆ ಹೊಲಿದುಕೊಡು ಎಂದರು. ದಬ್ಬಣ ಅಲ್ಲೇ ಗೂಟಕ್ಕೆ ಸಿಕ್ಕಿಸಿತ್ತು. ಜಗಲಿಯಲ್ಲಿ ಕೂತು ಹೊಲಿದುಕೊಟ್ಟೆ.